ಉಳಿಸಿಕೊಂಡ ಕರುಳು

1956ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಅಪರಾತ್ರಿಯಲ್ಲಿ ಆಪರೇಷನ್ ಆಯಿತು. ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯಿಂದ ಅವರ ಸಣ್ಣ ಕರುಳಿನ ಕೊನೆ ಕಟ್ಟಿಕೊಂಡಿತ್ತು. ಸರ್ಜನ್‌ಗಳು ಆ ಭಾಗವನ್ನು ಮುಟ್ಟದೆ, ಮೇಲಿನ ಕರುಳನ್ನು ನೇರ ದೊಡ್ಡ ಕರುಳಿಗೆ ಹೊಲಿದು ಬಳಸುದಾರಿ ಮಾಡಿದರು. ಹಿಂದಿನ ವರ್ಷವಷ್ಟೇ ಹೃದಯಾಘಾತವಾಗಿದ್ದವರಿಗೆ ಬೇಗ ಮುಗಿಯುವ ಕೆಲಸವೇ ಲೇಸು. ನವೆಂಬರ್‌ನಲ್ಲಿ ಅವರು ಚುನಾವಣೆಯನ್ನೂ ಗೆದ್ದರು.

ಆ ರಾತ್ರಿಗೆ ಅದು ಸರಿ. ರೂಢಿಯಾಗಿ ಮಾತ್ರ ಸೋತಿತು. ಅನ್ನ ಹರಿಯದೆ ಮೂಲೆಗೆ ಬಿದ್ದ ಕರುಳಿನಲ್ಲಿ ಉರಿಯೂತ ಆರದೆ, ವರ್ಷಗಳ ಮೇಲೆ ಕೆಲವರಿಗೆ ಅಲ್ಲೇ ಕ್ಯಾನ್ಸರ್ ಹುಟ್ಟಿತು. ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ಆದರೂ ಕರುಳು ಉಳಿಸುವ ಆಸೆ ತಪ್ಪಲ್ಲ. ಕ್ರೋನ್ಸ್ ಮರುಕಳಿಸುವ ಕಾಯಿಲೆ; ಪ್ರತಿ ಸಲ ಕತ್ತರಿಸುತ್ತ ಹೋದರೆ ಉಂಡದ್ದು ಮೈಗೆ ಹತ್ತುವಷ್ಟು ಕರುಳೂ ಉಳಿಯದು. ರೋಗದಾಚೆ 2 ಸೆಂ.ಮೀ. ಕತ್ತರಿಸಿದರೂ 12 ಸೆಂ.ಮೀ. ಕತ್ತರಿಸಿದರೂ ಮರುಕಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದು ಅಮೆರಿಕದ ಸರ್ಜನ್ ಫಾಜಿಯೊ ಅವರ ತಂಡ 1996ರಲ್ಲಿ ತೋರಿಸಿತು. ಅದಕ್ಕೂ ಮುಂಚೆಯೇ, 1977ರಲ್ಲಿ, ನಮ್ಮ ದೇಶದ ಸರ್ಜನ್ ಕಟಾರಿಯಾ ಮತ್ತು ಸಂಗಡಿಗರು ಟಿಬಿಯಿಂದ ಕಿರಿದಾದ ಕರುಳಿಗೆ ಸ್ಟ್ರಿಕ್ಚರ್‌ಪ್ಲಾಸ್ಟಿ ಎಂಬ ಉಪಾಯವನ್ನು ಪ್ರಕಟಿಸಿದ್ದರು. ಬಿಗಿದ ಜಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುವುದು, ಅಷ್ಟೇ. ಒಂದಿಂಚೂ ಕಳೆಯದೆ ದಾರಿ ಅಗಲವಾಗುತ್ತದೆ. ಆಕ್ಸ್‌ಫರ್ಡ್‌ನ ಸರ್ಜನ್ ಲೀ ಅದನ್ನು ಕ್ರೋನ್ಸ್‌ಗೆ ಒಗ್ಗಿಸಿದರು. ಇಷ್ಟು ಸರಳವಾದ, ಇಷ್ಟು ಬುದ್ಧಿವಂತಿಕೆಯ ಹೊಲಿಗೆ ಸರ್ಜರಿಯಲ್ಲಿ ಅಪರೂಪ.

ನನ್ನ ತಕರಾರು ಇರುವುದು ಅದರ ನಂತರದ ನೆಮ್ಮದಿಯ ಬಗ್ಗೆ. ಇಲ್ಲಿಯೂ ರೋಗದ ಕರುಳು ಒಳಗೇ ಉಳಿಯುತ್ತದೆ. ಸಣ್ಣ ಕರುಳಿನ ಕ್ಯಾನ್ಸರ್ ವಿರಳ, ನಿಜ. ಆದರೆ ಅದು ಕ್ರೋನ್ಸ್‌ನ ಬಿಗಿತದ ವೇಷದಲ್ಲೇ ಬರುತ್ತದೆ. ಅದೇ ಹೊಟ್ಟೆನೋವು, ಅದೇ ವಾಂತಿ. ಸ್ಕ್ಯಾನ್‌ನಲ್ಲೂ ಅದೇ ದಪ್ಪನೆಯ ಗೋಡೆ. ಎಷ್ಟೋ ಸಲ ಗುಟ್ಟು ಬಯಲಾಗುವುದು ಆಪರೇಷನ್ ಮುಗಿದು ಪೆಥಾಲಜಿ ವರದಿ ಬಂದಾಗ. ಅಷ್ಟರಲ್ಲಿ ತಪ್ಪು ಆಪರೇಷನ್ ಆಗಿಹೋಗಿರಬಹುದು. ಕ್ರೋನ್ಸ್ ಬೇಡುವುದು ಜಿಪುಣ ಕತ್ತರಿ. ಕ್ಯಾನ್ಸರ್‌ಗೆ ಧಾರಾಳ ಕತ್ತರಿಯೇ ಬೇಕು, ಆಚೀಚಿನ ಒಳ್ಳೆಯ ಕರುಳು, ಅದಕ್ಕಂಟಿದ ಪೊರೆ, ಅದರೊಳಗಿನ ದುಗ್ಧಗ್ರಂಥಿಗಳೆಲ್ಲ ಸೇರಿ.

ಸೀಳಿದ ಕರುಳು ಕಣ್ಣೆದುರೇ ತೆರೆದಿರುವಾಗ ಅನುಮಾನದ ಜಾಗದಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು ಬಯಾಪ್ಸಿಗೆ ಕಳಿಸುವುದಕ್ಕೆ ನಿಮಿಷಗಳು ಸಾಕು. ಅದನ್ನು ಬಿಟ್ಟು ಹೊಲಿದರೆ ಕೆಲಸ ಅರ್ಧವೇ. ಎಷ್ಟೋ ವರ್ಷ ಸುಮ್ಮನಿದ್ದ ಬಿಗಿತ ಏಕಾಏಕಿ ಕೆರಳಿ ಔಷಧಿಗೂ ಬಗ್ಗದಿದ್ದರೆ, ಅಲ್ಲಿ ಹೊಲಿಗೆಯ ಜಾಣ್ಮೆ ಬೇಡ, ಕತ್ತರಿಸಿ ತೆಗೆಯಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟ್ರಿಕ್ಚರ್‌ಪ್ಲಾಸ್ಟಿ ಆಗಿದ್ದರೆ, ಡಿಸ್ಚಾರ್ಜ್ ಸಮ್ಮರಿಯ ಜೊತೆ ಬಯಾಪ್ಸಿ ವರದಿಯನ್ನೂ ಕೇಳಿ ಪಡೆಯಿರಿ.