ಟಿಕೆಟ್ ಕೌಂಟರಿನ ಒಳಬದಿ

ಕಾರ್ನಿವಲ್ಲಿನ ಮೇಲೆ ಅಮೆರಿಕದ ಕಾದಂಬರಿಕಾರರಿಗೆ ಹಳೆಯ ವ್ಯಾಮೋಹ. ಊರಾಚೆ ಡೇರೆ ಹೂಡುವ ಮೇಳವಿರಲಿ, ಕಡಲ ದಂಡೆಯ ಕಾಯಂ ಅಮ್ಯೂಸ್‌ಮೆಂಟ್ ಪಾರ್ಕ್ ಇರಲಿ, ಅಲ್ಲಿಗೊಬ್ಬ ಹುಡುಗನನ್ನು ಕಳಿಸಿ, ಒಂದು ಹೆಣ ಕೆಡವಿ, ಅವನನ್ನು ದೊಡ್ಡವನನ್ನಾಗಿ ಮಾಡಿ ಹೊರಗೆ ಕರೆತರುವುದು ಅಲ್ಲೊಂದು ಪರಂಪರೆಯೇ ಆಗಿಬಿಟ್ಟಿದೆ. ಸ್ಟೀಫನ್ ಕಿಂಗ್‌ನ ‘ಜಾಯ್‌ಲ್ಯಾಂಡ್’ (2013) ಈ ಸಾಲಿನಲ್ಲಿ ತೀರಾ ಜನಪ್ರಿಯವಾದದ್ದು. ಇದರಲ್ಲಿ ನನಗೆ ಹಿಡಿಸಿದ್ದು ಕೊಲೆಯ ಕತೆಯಲ್ಲ, ಕೂಲಿಯ ಕತೆ.

ಈ ಸಾಲಿನ ಹಿರಿಯನೆಂದು ಬ್ರಾಡ್‌ಬರಿಯನ್ನು ಹೆಸರಿಸುವುದು ವಾಡಿಕೆ. ಅವನ ‘ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್’ (1962) ಕಾದಂಬರಿಯ ತಿರುಗುಕುದುರೆ ಮುಂದಕ್ಕೆ ಸುತ್ತಿದರೆ ವಯಸ್ಸು ಏರುತ್ತದೆ, ಹಿಂದಕ್ಕೆ ಸುತ್ತಿದರೆ ಇಳಿಯುತ್ತದೆ. ಬೇಗ ದೊಡ್ಡವನಾಗಬೇಕೆಂಬ ಹುಡುಗ ಜಿಮ್‌ನ ಆಸೆಯೇ ಅಲ್ಲಿ ಬಲೆ. ಸೊಗಸಾದ ಕಲ್ಪನೆ, ಸಂದೇಹವಿಲ್ಲ. ಆದರೆ ಅಲ್ಲಿನ ಹುಡುಗರು ಕೊನೆಯವರೆಗೂ ಗಿರಾಕಿಗಳೇ. ಕಾರ್ನಿವಲ್ ಅವರಿಗೆ ಹೊರಗಿನಿಂದ ಬಂದ ಕೇಡು. ನನ್ನ ಮಟ್ಟಿಗೆ ನಿಜವಾದ ಹಿರಿಯ ಫ್ರೆಡ್ರಿಕ್ ಬ್ರೌನ್. ಅವನ ‘ದಿ ಫ್ಯಾಬುಲಸ್ ಕ್ಲಿಪ್‌ಜಾಯಿಂಟ್’ (1947) ಕೃತಿಯಲ್ಲಿ ಹದಿನೆಂಟರ ಎಡ್ ಹಂಟರ್, ಷಿಕಾಗೊದ ಓಣಿಯೊಂದರಲ್ಲಿ ಹೆಣವಾದ ತಂದೆಯ ಕೊಲೆಗಾರನನ್ನು ಹುಡುಕಲು ಹೊರಡುತ್ತಾನೆ. ಜೊತೆಗಿರುವವನು ತಂದೆಯ ಸಹೋದರ ಆಂಬ್ರೋಸ್, ಕಾರ್ನಿವಲ್ಲಿನಲ್ಲಿ ಪಳಗಿದ ಆಸಾಮಿ. ಮರುವರ್ಷದ ‘ದಿ ಡೆಡ್ ರಿಂಗರ್’ನಲ್ಲಿ ಇಬ್ಬರೂ ಕಾರ್ನಿವಲ್ಲಿನ ಒಳಗೇ ಇದ್ದಾರೆ. ಕಾರ್ನಿವಲ್ಲಿನ ಮಂದಿಯನ್ನು ಭೂತಗಳನ್ನಾಗಿ ಮಾಡದೆ, ಹೊಟ್ಟೆಪಾಡಿನವರನ್ನಾಗಿ ನೋಡುವ ಕಣ್ಣು ಬ್ರೌನ್‌ಗಿತ್ತು.

ಕಿಂಗ್ ಹಿಡಿದದ್ದೂ ಇದೇ ದಾರಿ. 1973ರ ಬೇಸಿಗೆ. ಪ್ರೇಯಸಿ ಕೈಬಿಡುವ ಹೊತ್ತಿನಲ್ಲಿ ಕಾಲೇಜು ಹುಡುಗ ಡೆವಿನ್ ಜೋನ್ಸ್ ಉತ್ತರ ಕ್ಯಾರೊಲಿನಾದ ಪಾರ್ಕೊಂದಕ್ಕೆ ರಜೆಯ ಕೆಲಸಕ್ಕೆ ಸೇರುತ್ತಾನೆ. ಉರಿಬಿಸಿಲಲ್ಲಿ ಹೌವಿ ಎಂಬ ನಾಯಿಯ ತುಪ್ಪಳದ ವೇಷ ತೊಟ್ಟು ಮಕ್ಕಳೆದುರು ಕುಣಿಯುವುದು ಅವನ ಪಾಲಿಗೆ ಬರುತ್ತದೆ. ಒಳಗೆ ಬೆವರು ಧಾರಾಕಾರ, ಹೊರಗೆ ಮಕ್ಕಳ ಕೇಕೆ. ತನ್ನ ಎದೆ ಒಡೆದಿದ್ದರೂ ಇನ್ನೊಬ್ಬರ ಸಂತೋಷಕ್ಕೆ ಮೈ ದಂಡಿಸಬಹುದು, ಅದರಲ್ಲಿ ತನಗೂ ಒಂದಿಷ್ಟು ಸಿಗುತ್ತದೆ ಎಂದು ಅವನಿಗೆ ತಿಳಿಯುವುದು ಆ ವೇಷದೊಳಗೆ. ಕಿಂಗ್ ಇದನ್ನು ಭಾಷಣ ಮಾಡದೆ ಕಾಣಿಸಿದ್ದಾನೆ. ಬೇಸಿಗೆ ಮುಗಿದು ಗಿರಾಕಿಗಳು ಕರಗಿದ ಮೇಲೂ ಡೆವಿನ್ ಅಲ್ಲೇ ಉಳಿದು ಕೆಲಸ ಮಾಡುವ ಪುಟಗಳಂತೂ ಇಡೀ ಪುಸ್ತಕದಲ್ಲಿ ಒಳ್ಳೆಯವು.

ಕೊಲೆಯ ವಿಷಯ? ಭೂತಬಂಗಲೆಯ ಕತ್ತಲಲ್ಲಿ ಲಿಂಡಾ ಗ್ರೇ ಎಂಬ ಯುವತಿಯ ಕತ್ತು ಕೊಯ್ದವನು ಯಾರು ಎಂಬ ಪ್ರಶ್ನೆಗೆ ಡೆವಿನ್ ತಾನಾಗಿ ಕಂಡುಕೊಳ್ಳುವ ಉತ್ತರ ಅಷ್ಟಕ್ಕಷ್ಟೆ. ಹಳೆಯ ಕೊಲೆಗಳ ಜಾಡು ಕೆದಕಿ ಫೋಟೊ ತಂದುಕೊಡುವವಳು ಗೆಳತಿ ಎರಿನ್. ಪ್ರೇತ ಕಾಣುವುದು ಗೆಳೆಯ ಟಾಮ್‌ಗೆ. ಮುಂದಾಗುವುದನ್ನು ಅರಿಯುವವನು ಗಾಲಿಕುರ್ಚಿಯ ಬಾಲಕ ಮೈಕ್. ಕೊನೆಗೆ ಡೆವಿನ್‌ನ ಜೀವ ಉಳಿಸುವವಳು ಮೈಕ್‌ನ ತಾಯಿ ಆನಿ. ಪತ್ತೇದಾರಿ ಕತೆಗೆ ಇದು ದೊಡ್ಡ ಕೊರತೆ. ಅದಕ್ಕಿಂತ ನನಗೆ ಇರಿಸುಮುರಿಸಾಗುವುದು ಸುತ್ತಲಿನವರೆಲ್ಲ ನಾಯಕನ ಬೆಳವಣಿಗೆಗೆ ಮೆಟ್ಟಿಲಾಗುವ ರೀತಿ: ಸತ್ತ ಹೆಣ್ಣು ಒಗಟು ಕೊಡುತ್ತಾಳೆ, ಸಾಯಲಿರುವ ಹುಡುಗ ದಿವ್ಯದೃಷ್ಟಿ ಕೊಡುತ್ತಾನೆ, ಅವನ ತಾಯಿ ಮೊದಲ ಸಂಭೋಗ. ಮೈಕ್‌ನನ್ನು ಬರಿಯ ಕಾಯಿಲೆಯ ಮಗುವಾಗಿ ಬಿಟ್ಟಿದ್ದರೂ ಅವನು ನಮ್ಮನ್ನು ಅಲ್ಲಾಡಿಸುತ್ತಿದ್ದ. ಇಂಥ ಮೆಟ್ಟಿಲುಗಳನ್ನು ಒಪ್ಪದ ಕೃತಿಯೊಂದು ಇದೇ ಲೋಕದಲ್ಲಿದೆ: ಗ್ರೆಶಮ್‌ನ ‘ನೈಟ್‌ಮೇರ್ ಆ್ಯಲಿ’ (1946). ಅಲ್ಲಿ ಕಾರ್ನಿವಲ್ ಕೆಲಸಗಾರನ ಹಾದಿ ಇಳಿಜಾರಿನದು. ಆರಂಭದಲ್ಲಿ ಅವನು ಅಸಹ್ಯದಿಂದ ನೋಡಿದ ಕೆಲಸವೇ ಕಡೆಗೆ ಅವನಿಗೆ ಗಂಟುಬೀಳುತ್ತದೆ.

ದುಡಿಮೆಯನ್ನು ಇಷ್ಟು ಹತ್ತಿರದಿಂದ ಕಂಡ ಕಿಂಗ್ ಗೇಟಿನತ್ತ ಮಾತ್ರ ಸರಿಯಾಗಿ ನೋಡಿಲ್ಲ. ಅಮೆರಿಕದ ಎಷ್ಟೋ ಪಾರ್ಕುಗಳಲ್ಲಿ 1960ರ ಆಸುಪಾಸಿನವರೆಗೂ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ವಾಷಿಂಗ್ಟನ್ ಬಳಿಯ ಗ್ಲೆನ್ ಎಕೊ ಪಾರ್ಕಿನೆದುರು 1960ರಲ್ಲಿ ಚಳವಳಿ ನಡೆದು, ಮರುವರ್ಷ ಅದು ಎಲ್ಲರಿಗೂ ತೆರೆಯಿತು. ಬಾಲ್ಟಿಮೋರ್‌ನ ಗ್ವಿನ್ ಓಕ್ ತೆರೆದದ್ದು 1963ರ ಆಗಸ್ಟ್ 28ರಂದು, ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ತಮ್ಮ ಪ್ರಸಿದ್ಧ ಭಾಷಣ ಮಾಡಿದ ದಿನವೇ. ಜಾಯ್‌ಲ್ಯಾಂಡ್‌ನ ಬೇಸಿಗೆ ಇದಾಗಿ ಹತ್ತೇ ವರ್ಷಕ್ಕೆ, ಅದೂ ದಕ್ಷಿಣದ ರಾಜ್ಯದಲ್ಲಿ. ಆ ಇತಿಹಾಸದ ನೆರಳು ಕಾದಂಬರಿಯ ಮೇಲೆ ಬಿದ್ದೇ ಇಲ್ಲವೆನ್ನಬೇಕು. ಅರವತ್ತು ದಾಟಿದ ನಿರೂಪಕ ತನ್ನ ಮುರಿದ ಪ್ರೇಮವನ್ನು ಇಂಚಿಂಚಾಗಿ ನೆನೆಯುತ್ತಾನೆ. ತಾನು ದುಡಿದಂಥ ಜಾಗದಲ್ಲಿ ಹತ್ತು ವರ್ಷ ಮೊದಲು ಯಾರಿಗೆ ಟಿಕೆಟ್ ಸಿಗುತ್ತಿರಲಿಲ್ಲ ಎಂಬುದು ಅವನ ನೆನಪಿನ ಬಾಬತ್ತಲ್ಲ.