ಅಹಿಂಸೆಯ ಬೆಳಕಿನಲ್ಲಿ ‘ಚಿರಸ್ಮರಣೆ’

ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯನ್ನು ಕನ್ನಡಿಗರು ಬಹುಮಟ್ಟಿಗೆ ಸತ್ಯಾಗ್ರಹದ ಚರಿತ್ರೆಯಾಗಿಯೇ ಓದುತ್ತ ಬಂದಿದ್ದಾರೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, 1938ರ ಏಪ್ರಿಲ್‌ನ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರು ಇವೆಲ್ಲವುಗಳಲ್ಲಿ ಪೆಟ್ಟು ಕೊಟ್ಟವರು ಆಳುವವರು, ಪೆಟ್ಟು ತಿಂದವರು ಜನರು. ಇಂಥ ಘಟನೆಗಳನ್ನು ಸ್ಮರಿಸುವುದು ಅಹಿಂಸಾಧರ್ಮದ ಅನುಯಾಯಿಗಳಿಗೆ ಕಷ್ಟವಲ್ಲ. ಕಷ್ಟವಾಗುವುದು ಜನರ ಕೈಯಿಂದಲೂ ಒಂದು ಜೀವ ಹೋದಾಗ. ಆ ಕಷ್ಟವನ್ನು ಓದುಗನ ಎದುರಿಗಿಡುವ ಕನ್ನಡ ಕೃತಿಗಳಲ್ಲಿ ನಿರಂಜನರ ‘ಚಿರಸ್ಮರಣೆ’ ಪ್ರಮುಖವಾದುದು. 1955ರಲ್ಲಿ ಪ್ರಕಟವಾದ ಈ ಕಾದಂಬರಿ ಮಲಯಾಳಕ್ಕೂ ಇಂಗ್ಲಿಷಿಗೂ ಅನುವಾದಗೊಂಡಿದೆ. ಸಾಹಿತ್ಯವಾಗಿ ಇದರ ಬೆಲೆಯನ್ನು ಹಲವರು ಕಟ್ಟಿದ್ದಾರೆ. ಶ್ರಾವಕ ಧರ್ಮದ ದೃಷ್ಟಿಯಿಂದ ಇದನ್ನು ಪರಿಶೀಲಿಸುವ ಕೆಲಸ ಉಳಿದಿದೆ.

ಕಾದಂಬರಿಗೆ ಆಧಾರವಾದ ಸಂಗತಿ ಹೀಗಿದೆ. ಕಯ್ಯೂರು ಕಾಸರಗೋಡು ಸೀಮೆಯ ಹಳ್ಳಿ. ಆಗ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಕೇರಳಕ್ಕೆ ಹೋಯಿತು. ಅಲ್ಲಿಯ ಗೇಣಿದಾರ ರೈತರು ಜಮೀನ್ದಾರರ ವಸೂಲಿಯ ವಿರುದ್ಧ ಸಂಘ ಕಟ್ಟಿದರು. ಪೊಲೀಸರು ಹಳ್ಳಿಗೆ ನುಗ್ಗಿ ಹಿಂಸಿಸಿದರು. ಅದನ್ನು ಪ್ರತಿಭಟಿಸಿ 1941ರ ಮಾರ್ಚ್ 28ರಂದು ಹೊರಟ ಮೆರವಣಿಗೆಗೆ ಸುಬ್ಬರಾಯನ್ ಎಂಬ ಪೇದೆ ಎದುರಾದ. ಜನರು ಅವನ ಕೈಗೆ ಕೆಂಬಾವುಟ ಕೊಟ್ಟು ಮುಂದೆ ನಡೆಸಿದರು. ಅವನು ತಪ್ಪಿಸಿಕೊಳ್ಳಲು ತೇಜಸ್ವಿನಿ ನದಿಗೆ ಹಾರಿದ, ಗುಂಪು ಕಲ್ಲೆಸೆಯಿತು, ಅವನು ನೀರಿನಲ್ಲಿಯೇ ಪ್ರಾಣ ಬಿಟ್ಟ. ಈ ಒಂದು ಸಾವಿಗಾಗಿ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನಿಗೆ ಎಳೆಯ ವಯಸ್ಸಿನ ಕಾರಣದಿಂದ ಗಲ್ಲು ತಪ್ಪಿತು. ಅದೇ ಮಾರ್ಚ್ ತಿಂಗಳಲ್ಲಿ ಮೈಸೂರು ಸಂಸ್ಥಾನವೂ ಈಸೂರಿನ ಐವರನ್ನು ಗಲ್ಲಿಗೇರಿಸಿತ್ತು. 1942ರ ಸೆಪ್ಟೆಂಬರಿನಲ್ಲಿ ಅಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಜನರ ಕೈಯಲ್ಲಿ ಹತರಾಗಿದ್ದರು.

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂಥ ಊರಿನಲ್ಲಿ, ತೆಂಗಿನ ತೋಟದ ನಡುವೆ ಕುಳಿತು ಈ ಕಾದಂಬರಿಯನ್ನು ಓದುವವನಿಗೆ ಕಯ್ಯೂರಿನ ನೆಲ ಅಪರಿಚಿತವಲ್ಲ. ಅಲ್ಲಿಯೂ ತೆಂಗು, ಇಲ್ಲಿಯೂ ತೆಂಗು. ಆದರೆ ಒಂದು ವ್ಯತ್ಯಾಸವನ್ನು ಅವನು ಮನಸ್ಸಿಗೆ ತಂದುಕೊಳ್ಳಬೇಕು. ತೆಂಗಿನ ಸಸಿ ನೆಟ್ಟವನು ಫಲಕ್ಕಾಗಿ ಏಳೆಂಟು ವರ್ಷ ಕಾಯಬೇಕು. ಮರ ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ನೆಲ ತನ್ನ ಕೈಯಲ್ಲಿಯೇ ಉಳಿಯುವುದೆಂಬ ನಂಬಿಕೆ ಇದ್ದವನು ಮಾತ್ರ ಇಂಥ ಮರವನ್ನು ನೆಡಬಲ್ಲ. ಮೈಸೂರು ಸಂಸ್ಥಾನದ ಈ ಭಾಗದಲ್ಲಿ ಹಿಡುವಳಿದಾರ ಬಹುಮಟ್ಟಿಗೆ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುತ್ತಿದ್ದ. ಕಯ್ಯೂರಿನ ಗೇಣಿದಾರನಿಗೆ ಆ ನಂಬಿಕೆ ಇರಲಿಲ್ಲ. ಒಡೆಯ ಮುನಿದರೆ ಒಕ್ಕಲೆಬ್ಬಿಸಬಹುದಾಗಿತ್ತು. ತಾನು ನೆಟ್ಟ ಮರದ ಕೆಳಗೆ ತಾನೇ ಅನ್ಯನಾಗಿ ನಿಲ್ಲುವ ಸ್ಥಿತಿ ಅವನದು. ಇದನ್ನು ಅರಿಯದೆ ನದಿಯ ದಡದಲ್ಲಿ ನಡೆದುದನ್ನು ವಿಮರ್ಶಿಸಹೊರಟರೆ ಕಥೆಯ ಕೊನೆಯ ಪುಟವನ್ನಷ್ಟೇ ಓದಿ ತೀರ್ಪು ಕೊಟ್ಟಂತಾಗುತ್ತದೆ.

ನಿರಂಜನರ ಹೆಚ್ಚುಗಾರಿಕೆ ಇಲ್ಲಿಯೇ ಇದೆ. ಅವರು ಕಥೆಯನ್ನು ಕೊನೆಯಿಂದ ಹೇಳುವುದಿಲ್ಲ. ಅಪ್ಪು, ಚಿರುಕಂಡರನ್ನು ಹುತಾತ್ಮರನ್ನಾಗಿ ಮಾಡುವುದಕ್ಕೆ ಮೊದಲು ಶಾಲೆಗೆ ಹೋಗುವ ಹುಡುಗರನ್ನಾಗಿ ತೋರಿಸುತ್ತಾರೆ. ಮೇಷ್ಟರೊಬ್ಬರ ಮೂಲಕ ಅಕ್ಷರ ಬರುತ್ತದೆ. ಅಕ್ಷರದ ಬೆನ್ನಿಗೆ ಪ್ರಶ್ನೆ ಬರುತ್ತದೆ. ಪ್ರಶ್ನೆಯಿಂದ ಭಯ ಕರಗುತ್ತದೆ. ಭಯ ಕರಗುವುದೂ ಒಂದು ನೈತಿಕ ಘಟನೆಯೇ ಆಗಿದೆ. ಜೈನ ಶಾಸ್ತ್ರವು ಭಯವನ್ನು ನೋಕಷಾಯಗಳಲ್ಲಿ ಒಂದೆಂದು ಎಣಿಸಿದೆ. ಭಯದಿಂದ ಸುಮ್ಮನಿರುವುದನ್ನು ಅದು ಅಹಿಂಸೆ ಎಂದು ಒಪ್ಪುವುದಿಲ್ಲ. ಈ ದೃಷ್ಟಿಯಿಂದ ಕಾದಂಬರಿಯ ಮೊದಲ ಭಾಗವನ್ನು ಶ್ರಾವಕನು ಯಾವ ಸಂಕೋಚವೂ ಇಲ್ಲದೆ ಮೆಚ್ಚಬಹುದು.

ಆಕ್ಷೇಪಣೆ ಹುಟ್ಟುವುದು ಪೇದೆಯ ಸಾವಿನ ಬಳಿ. ಕೃತಿಯ ಮಮತೆಯೆಲ್ಲ ನಾಲ್ವರ ಕಡೆಗಿದೆ. ಪೇದೆಯ ಸಾವು ಅವರ ಕಥೆಯನ್ನು ಸೆರೆಮನೆಗೂ ನೇಣಿಗೂ ಒಯ್ಯುವ ಘಟನೆಯಾಗಿ ಉಳಿಯುತ್ತದೆ. ನೀರಿಗೆ ಹಾರಿದವನೂ ಸಂಬಳಕ್ಕಾಗಿ ಪರರ ಆಜ್ಞೆಯನ್ನು ಪಾಲಿಸುತ್ತಿದ್ದ ಒಬ್ಬ ಬಡವ. ನಾಲ್ವರ ಒಳಗನ್ನು ಕಾಣುವಂತೆ ಅವನ ಒಳಗನ್ನು ಕಾಣಲು ಕಾದಂಬರಿ ಓದುಗನಿಗೆ ಎಡೆಗೊಡುವುದಿಲ್ಲ. ‘ಚಿರಸ್ಮರಣೆ’ ಎಂಬ ಹೆಸರೇ ಸ್ಮರಣೆಗೆ ಪಾತ್ರರಾದವರು ಯಾರು, ಅಲ್ಲದವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿದಂತಿದೆ. ಸಾಹಿತ್ಯದ ದೃಷ್ಟಿಯಿಂದಲೂ ಇದು ಕೊರತೆಯೇ. ನಾಲ್ವರು ನೇಣಿಗೇರುವಾಗ ಓದುಗನಿಗಾಗುವ ಸಂಕಟವು, ಐದನೆಯ ಸಾವಿನ ಸಂಕಟವನ್ನೂ ಒಳಗೊಂಡಿದ್ದರೆ, ಇನ್ನೂ ಆಳವಾಗುತ್ತಿತ್ತು.

ಆದರೆ ಈ ಆಕ್ಷೇಪಣೆಯಲ್ಲಿಯೇ ವಿಮರ್ಶೆ ನಿಲ್ಲುವಂತಿಲ್ಲ. ಕಲ್ಲೆಸೆದವರು ಹಿಂಸಕರು, ಆದುದರಿಂದ ಅವರ ಹೋರಾಟವೂ ಅಧರ್ಮ ಎನ್ನುವುದು ಸುಲಭದ ತೀರ್ಮಾನ. ಜೈನ ಚಿಂತನೆ ಅಷ್ಟು ಸುಲಭವಾದುದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಕ್ಕೆ ಹಾನಿಯಾಗುವುದನ್ನು ಹಿಂಸೆ ಎನ್ನುತ್ತದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ವಿಭಾಗವು ಗೃಹಸ್ಥನಿಗೆ ಬುದ್ಧಿಪೂರ್ವಕವಾದ ಕೊಲೆಯನ್ನು ಮೊದಲು ನಿಷೇಧಿಸುತ್ತದೆ. ಈ ಅಳತೆಗೋಲನ್ನು ಎರಡೂ ಕಡೆಗೆ ಹಿಡಿಯಬೇಕು. ಓಡುತ್ತಿದ್ದವನ ಮೇಲೆ ಕಲ್ಲೆಸೆದುದು ಆತ್ಮರಕ್ಷಣೆಯಲ್ಲ. ಅಲ್ಲಿ ಕ್ರೋಧವಿತ್ತು, ಗುಂಪಿನ ಪ್ರಮಾದವಿತ್ತು. ಅದನ್ನು ವಿರೋಧೀ ಹಿಂಸೆಯೆಂದು ಸಮರ್ಥಿಸಲಾಗದು. ಆದರೆ ಎರಡು ವರ್ಷ ಕಾಲ ಕಾಗದಪತ್ರ ನಡೆಸಿ, ದಿನ ಗೊತ್ತುಮಾಡಿ, ನಾಲ್ವರ ಕೊರಳಿಗೆ ಹಗ್ಗ ಹಾಕಿದುದು ಯಾವ ಹಿಂಸೆ? ಸಂಕಲ್ಪವೆಂಬ ಮಾತು ನದಿಯ ದಡದ ಗುಂಪಿಗಿಂತ ಈ ಕೊಲೆಗೇ ಹೆಚ್ಚು ಒಪ್ಪುತ್ತದೆ. ಪರದೇಶದ ಪ್ರಭುತ್ವದ ಶಾಂತಿಪಾಲನೆಯೆಂಬುದು ಹೀಗೆ ನಿಧಾನವಾದ, ಮೊಹರು ಬಿದ್ದ ಹಿಂಸೆಯನ್ನು ಆಶ್ರಯಿಸಿತ್ತೆಂಬುದನ್ನು ಕಾಣಿಸಿದುದು ಕಾದಂಬರಿಯ ದೊಡ್ಡ ಸಾಧನೆ.

ಇನ್ನೂ ಹಿಂದಕ್ಕೆ ಹೋಗಬೇಕು. ಹಿಂಸೆಯ ಹೊಣೆಯನ್ನು ಶಾಸ್ತ್ರವು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ಹಂಚುತ್ತದೆ. ಮಾಡಿದವನು, ಮಾಡಿಸಿದವನು, ಮಾಡಿದುದನ್ನು ಒಪ್ಪಿದವನು ಮೂವರೂ ಬದ್ಧರೇ. ಕಯ್ಯೂರಿನಲ್ಲಿ ಮಾಡಿಸಿದವರು ಯಾರು? ಆ ಕಾಲದ ಮಲಬಾರು ಮತ್ತು ಕಾಸರಗೋಡಿನ ರೈತ ಸಂಘಗಳು ವಿರೋಧಿಸುತ್ತಿದ್ದ ಅಕ್ರಮ ವಸೂಲಿಗಳಲ್ಲಿ ಗೇಣಿ ಅಳೆಯುವಾಗ ಪ್ರತಿ ಅಳತೆಗೂ ಹೆಚ್ಚುವರಿಯಾಗಿ ಸೆಳೆದುಕೊಳ್ಳುತ್ತಿದ್ದ ಭತ್ತವೂ ಒಂದು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊಳ್ಳುವಾಗ ಹೆಚ್ಚು, ಕೊಡುವಾಗ ಕಡಿಮೆ ಅಳೆಯುವುದೂ ಒಂದೆಂಬುದನ್ನು ಶ್ರಾವಕರು ಬಾಲ್ಯದಿಂದ ಕೇಳಿದ್ದಾರೆ. ಆದ್ದರಿಂದ ಜೈನ ಓದುಗನಿಗೆ ಕಯ್ಯೂರಿನ ಹಿಂಸೆ ನದಿಯ ದಡದಲ್ಲಿ ಆರಂಭವಾಗುವುದಿಲ್ಲ. ಒಡೆಯನ ಅಂಗಳದಲ್ಲಿ, ಭತ್ತ ಅಳೆಯುವ ಕೊಳಗದಲ್ಲಿ ಆರಂಭವಾಗುತ್ತದೆ. ಆ ಕೊಳಗ ರಕ್ತವನ್ನು ಚೆಲ್ಲಲಿಲ್ಲ. ಆದರೆ ಚೆಲ್ಲುವ ಕಾಲವನ್ನು ಹತ್ತಿರಕ್ಕೆ ತಂದಿತು.

ಇಲ್ಲಿ ಈ ಕೃತಿ ಜೈನ ಸಮಾಜದ ಮನೆಬಾಗಿಲಿಗೇ ಬರುತ್ತದೆ. ದಕ್ಷಿಣ ಕನ್ನಡದಲ್ಲಿ ಜೈನ ಮನೆತನಗಳೂ ಬಸದಿಗಳೂ ಗೇಣಿಗೆ ಭೂಮಿ ಕೊಟ್ಟಿದ್ದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಆ ಭೂಮಿ ಉಳುವವರ ಪಾಲಾಯಿತು. ಅನೇಕ ಬಸದಿಗಳ ನಿತ್ಯಪೂಜೆಗೇ ತೊಂದರೆಯಾಯಿತೆಂಬ ದುಃಖ ಇಂದಿಗೂ ಕೇಳಿಬರುತ್ತದೆ. ಆ ದುಃಖ ಸುಳ್ಳಲ್ಲ. ಎಲ್ಲ ಒಡೆಯರೂ ಕ್ರೂರಿಗಳಾಗಿರಲಿಲ್ಲವೆಂಬುದೂ ನಿಜ. ಆದರೆ ಅನೇಕಾಂತವನ್ನು ನಂಬಿದವರು ಅದೇ ಘಟನೆಯನ್ನು ಗೇಣಿದಾರನ ಅಂಗಳದಿಂದಲೂ ನೋಡಬೇಕಾಗುತ್ತದೆ. ಪೂಜೆಗೆ ಬಂದ ಅಕ್ಕಿ ಯಾವ ಅಳತೆಯಲ್ಲಿ ಬಂತು, ಕೊಟ್ಟವನ ಮನೆಯಲ್ಲಿ ಎಷ್ಟು ಉಳಿಯಿತು ಎಂಬ ಪ್ರಶ್ನೆ ಅಪರಿಗ್ರಹದ ಪ್ರಶ್ನೆಯೇ ಆಗಿದೆ. ಅಹಿಂಸೆಯ ಮಾತು ಆಸ್ತಿಗೆ ಕಾವಲಾಗಿ ನಿಂತಾಗ ಮಾತೂ ಕೆಡುತ್ತದೆ, ಆಸ್ತಿಯೂ ಉಳಿಯುವುದಿಲ್ಲ.

ತೆಂಗಿನ ಸೀಮೆಯ ಶ್ರಾವಕನು ತನಗೆ ಗೇಣಿಭೂಮಿಯಿಲ್ಲವೆಂದು ಸಮಾಧಾನಪಡುವಂತೆಯೂ ಇಲ್ಲ. ಹತ್ತಾರು ತಿಂಗಳು ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾದ ಕಾಯಿ ಮಂಡಿಗೆ ಬರುವಾಗ ಅಲ್ಲಿಯೂ ತಕ್ಕಡಿ ಇದೆ, ಮುಂಗಡ ಸಾಲವಿದೆ, ಬಡ್ಡಿಯಿದೆ. ಮರ ಹತ್ತಿ ಕಾಯಿ ಕೆಡಹುವವನ ಕೂಲಿಯಿದೆ. ಕೊಳಗದ ಪ್ರಶ್ನೆ ಅಲ್ಲಿ ಬೇರೆ ರೂಪದಲ್ಲಿ ಕಾದಿರುತ್ತದೆ.

ಉಳಿದದ್ದು ಅನುಮೋದನೆಯ ಮಾತು. ಅದು ಓದುಗನಿಗೇ ಸಂಬಂಧಿಸಿದ್ದು. ಪೇದೆ ನೀರಿನಲ್ಲಿ ಮುಳುಗುವಾಗ ‘ಆಗಬೇಕಾದುದೇ’ ಎಂದು ಒಳಗೊಳಗೆ ಹಿಗ್ಗಿದ ಓದುಗನೂ, ನಾಲ್ವರು ನೇಣಿಗೇರುವಾಗ ‘ಕೊಂದವರಿಗೆ ತಕ್ಕ ಶಿಕ್ಷೆ’ ಎಂದು ನಿಟ್ಟುಸಿರುಬಿಟ್ಟ ಓದುಗನೂ ಒಂದೇ ದೋಷಕ್ಕೆ ಗುರಿಯಾಗುತ್ತಾರೆ. ಕಾದಂಬರಿಯನ್ನು ಓದುವುದೂ ಪರಿಣಾಮಗಳ ಪರೀಕ್ಷೆಯೇ. ‘ಚಿರಸ್ಮರಣೆ’ ಓದುಗನನ್ನು ಮೊದಲನೆಯ ದೋಷದಿಂದ ಪೂರ್ತಿಯಾಗಿ ಕಾಪಾಡುವುದಿಲ್ಲ. ಎರಡನೆಯದರಿಂದ ಖಂಡಿತವಾಗಿ ಕಾಪಾಡುತ್ತದೆ. ಅದರ ಶಕ್ತಿಯೂ ಮಿತಿಯೂ ಇಷ್ಟರಲ್ಲಿವೆ.

ಇಂಥ ಕೃತಿಯನ್ನು ಧರ್ಮಕ್ಕೆ ಹೊರಗಿನದೆಂದು ದೂರವಿಡುವುದು ಸಲ್ಲದು. ಬಸದಿಗಳ ಗ್ರಂಥಭಂಡಾರಗಳಲ್ಲಿ ಪುರಾಣ, ಶ್ರಾವಕಾಚಾರಗಳ ಪಕ್ಕದಲ್ಲಿ ಇದಕ್ಕೂ ಸ್ಥಳವಿರಬೇಕು. ತರುಣರು ಓದಬೇಕು, ಹಿರಿಯರು ಅವರೊಡನೆ ಚರ್ಚಿಸಬೇಕು. ದಶಲಕ್ಷಣ ಪರ್ವದ ಕೊನೆಯಲ್ಲಿ ಸಕಲ ಜೀವಿಗಳ ಕ್ಷಮೆ ಬೇಡುವ ದಿನ ಕಯ್ಯೂರಿನ ನೆನಪು ಬಂದರೆ ನಾಲ್ಕು ಹೆಸರುಗಳ ಜೊತೆಗೆ ಸುಬ್ಬರಾಯನ್ ಎಂಬ ಐದನೆಯ ಹೆಸರೂ ಬರಲಿ. ಹಾಗೆ ಐವರನ್ನೂ ನೆನೆದ ಮೇಲೆ ಮನೆಯ ತಕ್ಕಡಿಯನ್ನೂ ಟ್ರಸ್ಟಿನ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಶ್ರಾವಕನಿಗೆ ಉಳಿಯುವ ಕೆಲಸ.