ಎಣಿಕೆಯೂ ಯೋಗ್ಯತೆಯೂ

ಸಂಶೋಧಕರ ಪ್ರಬಂಧಗಳನ್ನು ಎಣಿಸುವ ಯತ್ನವು ಹೊಸದಲ್ಲ. 1926ರಲ್ಲಿ ಆಲ್‌ಫ್ರೆಡ್ ಲೋಟ್ಕ ಅವರು ರಸಾಯನ ಹಾಗೂ ಭೌತಶಾಸ್ತ್ರಗಳ ಲೇಖಕರನ್ನು ಲೆಕ್ಕಹಾಕಿ, ಒಂದೇ ಪ್ರಬಂಧ ಬರೆದವರು ನೂರಕ್ಕೆ ಸುಮಾರು 60 ಮಂದಿಯೆಂದೂ, ಎರಡು ಬರೆದವರು ಅವರ ಕಾಲುಭಾಗದಷ್ಟೆಂದೂ ತೋರಿಸಿದರು. ಅದು ಸಮುದಾಯದ ವರ್ಣನೆಯಾಗಿತ್ತು. ವ್ಯಕ್ತಿಯ ಮೇಲಿನ ತೀರ್ಪಾಗಿರಲಿಲ್ಲ.

ಈ ಸಂಯಮವು ಮುಂದೆ ಉಳಿಯಲಿಲ್ಲ. 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಅವರು ಪ್ರಕಟಿಸಿದ ವಿಜ್ಞಾನ ಉಲ್ಲೇಖಸೂಚಿಯು ಪ್ರಬಂಧಗಳನ್ನು ಹುಡುಕುವ ಸಾಧನವಾಗಿ ಹುಟ್ಟಿ, ಕಾಲಕ್ರಮದಲ್ಲಿ ನೇಮಕ, ಬಡ್ತಿಗಳ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಅವರು ಸೂಚಿಸಿದ ಎಚ್-ಅಂಕದ ಕೊರತೆಯು ಲೆಕ್ಕದಲ್ಲಿಯೇ ಕಾಣುತ್ತದೆ. ಹತ್ತು ಪ್ರಬಂಧಗಳು ತಲಾ ಹತ್ತು ಬಾರಿ ಉಲ್ಲೇಖಗೊಂಡರೆ ಲೇಖಕನ ಅಂಕ 10. ಮೂರೇ ಪ್ರಬಂಧ ಬರೆದವನ ಒಂದೊಂದು ಬರೆಹವೂ ಸಾವಿರ ಬಾರಿ ಉಲ್ಲೇಖಗೊಂಡರೂ ಅವನ ಅಂಕ 3ನ್ನು ಮೀರದು.

ಸೂಚಿಯ ಹೊರಗುಳಿದ ಪತ್ರಿಕೆಯ ಪಾಡಂತೂ ಹೇಳತೀರದು. ಅಂಥದರಲ್ಲಿ ಅಚ್ಚಾದ ಕನ್ನಡದ ಶಾಸನಸಂಶೋಧನೆಯು ಎಷ್ಟೇ ಗಟ್ಟಿಯಾಗಿರಲಿ, ಈ ತಕ್ಕಡಿಯಲ್ಲಿ ಅದರ ತೂಕ ಶೂನ್ಯ. ಅಂಕಕ್ಕಾಗಿ ಬರೆಯುವವನು ಕ್ರಮೇಣ ತನ್ನ ಭಾಷೆಯನ್ನೂ ವಿಷಯವನ್ನೂ ಬಿಡುತ್ತಾನೆ, ನಷ್ಟವಾಗುವುದು ಶಾಸ್ತ್ರಕ್ಕೆ.

ಕೊಳಗದಿಂದ ರಾಶಿಯನ್ನು ಅಳೆಯಬಹುದು. ಕಾಳು ಗಟ್ಟಿಯೋ ಜೊಳ್ಳೋ ಎಂಬುದನ್ನು ಅರಿಯಲು ಕೈಗೆ ತೆಗೆದುಕೊಂಡು ನೋಡಲೇಬೇಕು. ಸಂಶೋಧಕನ ಯೋಗ್ಯತೆಯನ್ನು ನಿರ್ಣಯಿಸುವವರಿಗೂ ಅವನ ಪ್ರಬಂಧವನ್ನು ಓದುವ ಹೊಣೆ ತಪ್ಪದು.